ನಿಂತ ಮಷೀನು ಬಂದ್ ಆಗಿರಲ್ಲ



ಕಲಬುರಗಿ, ಸೇಡಂ ರಸ್ತೆ ಕಡೆಯ ಸಂಘಗಳಲ್ಲಿ ಕೈರೊಟ್ಟಿ ಜೊತೆಗೆ ರೊಟ್ಟಿ ಮಷೀನೂ ಬಂದಿದೆ. ಹಿಟ್ಟು ಸಿಕ್ಕಿ ನಿಂತರೆ ಕೂಡಲೇ ಕೈ ಹಾಕುತ್ತೇವೆ. ‘ನಿಂತದಲ್ರಿ ಸಿಸ್ಟರ್, ಏನಾಗ್ತದ?’ ಅಂತೀರಿ.

ದೊಡ್ಡ ಕಾರ್ಖಾನೆಯವರೂ ಹೀಗೇ ಮೋಸ ಹೋಗಿದ್ದಾರೆ. 1981ರಲ್ಲಿ ಜಪಾನಿನ ಕೆಂಜಿ ಉರಾಡಾ ಎಂಬುವರು ರೋಬೋಟ್ ನೋಡಲು ಹೋದರು. ರೋಬೋಟ್ ಅಂದರೆ ತಾನೇ ಕೈ ಆಡಿಸಿ ದುಡಿಯುವ ಯಂತ್ರ. ಸುತ್ತ ಬೇಲಿ, ಬಾಗಿಲು ತೆರೆದಿದ್ದರೆ ಕರೆಂಟ್ ತಾನಾಗಿ ಕಡಿಯುತ್ತಿತ್ತು. ಅವರು ಬೇಲಿ ಹಾರಿದರು. ಯಂತ್ರದ ಕೈ ಒತ್ತಿ ಜೀವ ಹೋಯಿತು.

ನಮ್ಮ ಮಷೀನಿಗೆ ಬೇಲಿ ಇಲ್ಲ, ಪ್ಲಗ್ ಅದ. ಹೋದ ಕರೆಂಟ್ ಬಂದರೆ, ಸಿಕ್ಕ ಹಿಟ್ಟು ಬಿಟ್ಟರೆ ರೋಲರ್ ತಿರುಗೀತು. ಸ್ವಿಚ್ ಒತ್ತಿದರಷ್ಟೇ ಸಾಲದು. ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. ಆಮೇಲೆ ಮರದ ಕಡ್ಡಿಯಿಂದ ಹಿಟ್ಟು ತೆಗೀರಿ. ಸೆರಗು ಸೊಂಟಕ್ಕೆ ಸಿಕ್ಕಿಸಿರಿ. ಬಳೆ ಸಪ್ಪಳ ಚಂದವೇ, ರೋಲರ್ ಹತ್ತಿರ ಮಾತ್ರ ಬ್ಯಾಡ.