ಸಿಪಾಯಿ ಸತ್ತರೂ ಅರ್ಜಿ ಸಾಯದು

“ಅಜ್ಜ ಹೋದ್ರು. ಅವರ ಜೊತೆ ಕೇಸೂ ಹೋಯ್ತು ಬಿಡಿ.”

ಮಡಿಕೇರಿ ಬಸ್ ಸ್ಟ್ಯಾಂಡಿನ ಕಾಫಿ ಹೋಟೆಲಿನಲ್ಲಿ ಕೂತರೆ ಇಂಥ ಮಾತು ಯಾವಾಗಲಾದರೂ ಕಿವಿಗೆ ಬಿದ್ದೇ ಬೀಳುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರಂಥ ದಂಡನಾಯಕರನ್ನು ಕೊಟ್ಟ ಜಿಲ್ಲೆ ಇದು. ಇಲ್ಲಿ ಮಿಲಿಟರಿ ಪಿಂಚಣಿಯ ಕಾಗದ ಇಲ್ಲದ ಊರು ಹುಡುಕುವುದು ಕಷ್ಟ. ಆದರೂ ಮೇಲಿನ ಆ ಮಾತು ಶುದ್ಧ ತಪ್ಪು. ಆ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮನೆಯವರು ತಮಗೆ ಬರಬೇಕಾದ ಹಣದ ಆಸೆ ಬಿಟ್ಟು ಕೂರುತ್ತಾರೆ.

ವಿಷಯ ಇಷ್ಟು. ಸೇವೆಯಲ್ಲಿದ್ದಾಗ ಕಾಲು ಮುರಿದೋ, ಕಾಯಿಲೆ ಹತ್ತಿಯೋ ಊರಿಗೆ ಬಂದ ಸಿಪಾಯಿಗೆ, ಅದು ಸೇವೆಯಿಂದಲೇ ಆದದ್ದು ಅಥವಾ ಸೇವೆಯಿಂದ ಹೆಚ್ಚಿದ್ದು ಎಂದಾದರೆ, ಅಂಗವೈಕಲ್ಯ ಪಿಂಚಣಿ ಉಂಟು. ವೈಕಲ್ಯ ಶೇಕಡಾ 20ಕ್ಕೆ ಕಡಿಮೆ ಇರಬಾರದು. ಮೆಡಿಕಲ್ ಬೋರ್ಡ್ “ಸೇವೆಗೂ ಇದಕ್ಕೂ ಸಂಬಂಧವಿಲ್ಲ” ಎಂದು ಷರಾ ಬರೆದರೆ ಮೊದಲ ಅಪೀಲು, ಆಮೇಲೆ ಎರಡನೇ ಅಪೀಲು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿದ ಈ ಮಂಡಳಿ 2009ರಲ್ಲಿ ಕೆಲಸ ಶುರುಮಾಡಿತು. ಕರ್ನಾಟಕ ಕೊಚ್ಚಿ ಪೀಠಕ್ಕೆ ಸೇರುತ್ತದೆ. ಇಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ವಯಸ್ಸಾದವರ ಉಸಿರು ನಿಂತರೆ ಆಶ್ಚರ್ಯವೇನು?

ಹಾಗೆ ನಡುದಾರಿಯಲ್ಲಿ ತೀರಿಕೊಂಡರೆ? ಕಾಯ್ದೆಯ 2ನೇ ಕಲಮು ಸ್ಪಷ್ಟವಾಗಿದೆ. ನಿವೃತ್ತ ಸೈನಿಕನಷ್ಟೇ ಅಲ್ಲ, ಅವನ ಅವಲಂಬಿತರು, ವಾರಸುದಾರರು, ಉತ್ತರಾಧಿಕಾರಿಗಳೂ ಸೇವೆಯ ವಿಷಯಕ್ಕಾಗಿ ಈ ಮಂಡಳಿಯ ಬಾಗಿಲು ತಟ್ಟಬಹುದು. ಎಂದರೆ ಗಂಡ ಹೂಡಿದ ಕೇಸನ್ನು ಹೆಂಡತಿ ನಡೆಸಬಹುದು. ಹೆಂಡತಿ ಇಲ್ಲದಿದ್ದರೆ ಮಕ್ಕಳು. ಆದರೆ ಅರ್ಜಿ ತಾನಾಗಿ ನಡೆಯುವುದಿಲ್ಲ. ವಾರಸುದಾರರ ಹೆಸರು ಸೇರಿಸಿ ಎಂದು ಕೇಳಬೇಕು. ಸಿವಿಲ್ ದಾವೆಗಳಲ್ಲಿ ಇದಕ್ಕೆ ಇರುವ ವಾಯಿದೆ 90 ದಿನ. ಇಲ್ಲೂ ಅದೇ ಲೆಕ್ಕ ಹಿಡಿದು, ವರ್ಷಾಂತಿಕ ಮುಗಿಯಲಿ ಎಂದು ಕಾಯದೆ ವಕೀಲರನ್ನು ಕಾಣುವುದು ಕ್ಷೇಮ.

ಸಿಗುವುದು ಏನು?

ಇಲ್ಲೇ ಹಲವರು ಎಡವುತ್ತಾರೆ. ವೈಕಲ್ಯದ ಪಾಲು ಸಿಪಾಯಿಯ ಜೀವ ಇರುವವರೆಗೆ ಮಾತ್ರ. ಕೇಸು ಗೆದ್ದರೆ ಅವನು ಸತ್ತ ದಿನದವರೆಗಿನ ಬಾಕಿ ಮನೆಯವರಿಗೆ ಬರುತ್ತದೆ. ಆಮೇಲಿನದು ಹೆಂಡತಿಯ ಕುಟುಂಬ ಪಿಂಚಣಿ; ಅದರ ದಾರಿಯೇ ಬೇರೆ. ಸೇವೆಗೆ ಸಂಬಂಧಪಟ್ಟ ಕಾರಣದಿಂದಲೇ ಸಾವು ಬಂದಿದ್ದರೆ ಮಾಮೂಲಿ ಶೇ. 30ರ ಬದಲು ಶೇ. 60ರ ವಿಶೇಷ ಕುಟುಂಬ ಪಿಂಚಣಿ ಕೇಳಲು ಅವಕಾಶವಿದೆ. ಅದಕ್ಕೆ ಷರತ್ತುಗಳೂ ಇವೆ.

ಬಾಕಿ ಚಿಲ್ಲರೆ ಹಣವೆಂದು ತಿಳಿಯಬೇಡಿ. ಪೂರ್ತಿ ವೈಕಲ್ಯಕ್ಕೆ ಸಂಬಳದ ಶೇ. 30 ಎಂಬ ಲೆಕ್ಕದಲ್ಲಿ, ಶೇ. 20 ವೈಕಲ್ಯಕ್ಕೆ ನೂರು ರೂಪಾಯಿ ಸಂಬಳಕ್ಕೆ 6 ರೂಪಾಯಿ. ಆದರೆ 50ಕ್ಕಿಂತ ಕಡಿಮೆ ಇದ್ದುದನ್ನು 50 ಎಂದೇ ಎಣಿಸುವ ನಿಯಮವಿದೆ. ಆಗ ಅದು 15 ರೂಪಾಯಿ. ವಯಸ್ಸಾಗಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಮುಂಚೆ, 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ, ಸೇರುವಾಗ ಬರೆದಿರದ ಕಾಯಿಲೆ ಆಮೇಲೆ ಕಂಡರೆ ಅದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊರೆ ಸರ್ಕಾರದ್ದು ಎಂದಿತ್ತು. 2023ರ ಸೆಪ್ಟೆಂಬರಿನಿಂದ ಹೊಸ ನಿಯಮ ಬಂದಿದೆ. ಹಳಬರ ಕೇಸನ್ನು ಅದರೊಂದಿಗೆ ಬೆರೆಸಬಾರದು.

ತಡವಾದರೆ ಸೊನ್ನೆ

ಸಿಪಾಯಿ ಅರ್ಜಿಯನ್ನೇ ಹಾಕದೆ ತೀರಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ತಡವಾಗಿ ಬಂದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ ಬಾಕಿ ಮಾತ್ರ ಎಂಬುದು 2008ರ ತರ್ಸೇಮ್ ಸಿಂಗ್ ಪ್ರಕರಣದ ನಂತರ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಗಂಡ ತೀರಿದ ಒಂದು ವರ್ಷಕ್ಕೆ ಹೆಂಡತಿ ಹೋದರೆ ಎರಡು ವರ್ಷದ್ದು ಸಿಕ್ಕೀತು. ನಾಲ್ಕು ವರ್ಷಕ್ಕೆ ಹೋದರೆ? ಆ ಮೂರು ವರ್ಷವೂ ಸಾವಿನ ಈಚೆಗೇ ಬೀಳುತ್ತದೆ. ಗೆದ್ದರೂ ಕೈ ಖಾಲಿ.

ಇನ್ನೊಂದು ಮಾತು. ಬದುಕಿದ್ದವನನ್ನು ಮತ್ತೆ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸಬಹುದು, ಸತ್ತವನನ್ನು ನಿಲ್ಲಿಸಲಾಗದು. ಅವನ ಪರವಾಗಿ ಮಾತಾಡುವುದು ಕಾಗದ ಒಂದೇ. ಆದ್ದರಿಂದ ಡಿಸ್ಚಾರ್ಜ್ ಬುಕ್, ಪಿ.ಪಿ.ಓ., ಮೆಡಿಕಲ್ ಬೋರ್ಡಿನ ಪ್ರತಿ, ಆಸ್ಪತ್ರೆ ಚೀಟಿ, ಅಪೀಲಿನ ನಕಲು, ಬಂದ ಉತ್ತರ ಎಲ್ಲವೂ ಟ್ರಂಕಿನಲ್ಲಿ ಜೋಪಾನವಾಗಿರಲಿ. ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗದಿರಲಿ. ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶವೃಕ್ಷ ಮಾಡಿಸಿ, ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ಡ್ ಪತ್ರ ಬರೆಯಿರಿ. ಬರೆಯಲು ಬಾರದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಬೇಕು.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ನಮಗೆ ಹೊಸದಲ್ಲ. ಹಾಗಂತ ದೇವಸ್ಥಾನಕ್ಕೇ ಹೋಗದಿದ್ದರೆ ತಪ್ಪು ಯಾರದು? ದಂಡನಾಯಕರ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ, ಸಂತೋಷ. ಪಕ್ಕದ ಮನೆಯ ಸಿಪಾಯಿಯ ಹೆಂಡತಿಗೆ ಒಂದು ಅರ್ಜಿ ಬರೆದುಕೊಟ್ಟರೆ, ಕಚೇರಿಯವರೆಗೆ ಬಸ್ಸಿನಲ್ಲಿ ಜೊತೆಗೆ ಹೋಗಿಬಂದರೆ, ಅದೂ ಒಂದು ಹಾರವೇ.