ಒಂದು ಡಿಸ್ಕ್, ಎರಡು ಯುನಿಕ್ಸ್ ಯಂತ್ರ: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ: ಒಂದೇ ಡಿಸ್ಕನ್ನು ಕ್ಲಸ್ಟರಿನ ಎರಡೂ ಸರ್ವರುಗಳಿಗೆ ಜೋಡಿಸಿ, ಎರಡರಲ್ಲೂ ಮೌಂಟ್ ಮಾಡಿದರೆ ಫೈಲುಗಳನ್ನು ಹಂಚಿಕೊಳ್ಳಬಹುದು.

ಸತ್ಯ: ಜೋಡಿಸುವುದೇನೋ ಸುಲಭ. ಮೌಂಟ್ ಕೂಡ ಸಾಮಾನ್ಯವಾಗಿ ತಕರಾರಿಲ್ಲದೆ ಆಗಿಬಿಡುತ್ತದೆ. ಅಪಾಯ ಅಡಗಿರುವುದೇ ಅಲ್ಲಿ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂಗಳು ಡಿಸ್ಕಿಗೆ ಒಬ್ಬನೇ ಒಡೆಯ ಎಂಬ ನಂಬಿಕೆಯ ಮೇಲೆ ನಿಂತಿವೆ. ಯಾವ ಬ್ಲಾಕ್ ಖಾಲಿ, ಯಾವ ಐನೋಡ್ ಬಳಕೆಯಲ್ಲಿದೆ ಎಂಬ ಲೆಕ್ಕವನ್ನು ಪ್ರತಿ ಕರ್ನಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪಕ್ಕದ ಯಂತ್ರ ಅದೇ ಡಿಸ್ಕಿಗೆ ಏನು ಬರೆಯಿತೆಂದು ಅದಕ್ಕೆ ಹೇಳುವವರಿಲ್ಲ. ಒಂದೇ ಖಾಲಿ ಬ್ಲಾಕನ್ನು ಎರಡು ಯಂತ್ರಗಳೂ ಬೇರೆ ಬೇರೆ ಫೈಲಿಗೆ ಕೊಟ್ಟುಬಿಡುತ್ತವೆ; ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ಕೆಲಕಾಲ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಬ್ಯಾಕಪ್‌ಗೂ ಕೆಟ್ಟ ಪ್ರತಿಯೇ ಸೇರಬಹುದು. ಎಫ್‌ಎಸ್‌ಸಿಕೆ ಫೈಲ್ ಸಿಸ್ಟಮಿನ ರಚನೆಯನ್ನು ಸರಿಪಡಿಸೀತು, ಅಳಿದ ದತ್ತಾಂಶವನ್ನು ತಂದುಕೊಡದು.

ಒಂದರಲ್ಲಿ ಬರೆದು, ಇನ್ನೊಂದರಲ್ಲಿ ಓದಲಷ್ಟೇ ಮೌಂಟ್ ಮಾಡಿದರೆ ಸುರಕ್ಷಿತ ಎನ್ನುವವರೂ ಇದ್ದಾರೆ. ಅದೂ ಸುಳ್ಳು. ಓದುವ ಯಂತ್ರದ ಕ್ಯಾಶ್ ಹಳತಾಗಿ ಅಸಂಬದ್ಧ ಉತ್ತರ ಕೊಡುತ್ತದೆ. ಇಎಕ್ಸ್‌ಟಿ4 ಅಂತೂ ಓದಲಷ್ಟೇ ಮೌಂಟ್ ಆಗುವಾಗಲೂ ಅಗತ್ಯ ಕಂಡರೆ ಜರ್ನಲನ್ನು ಮರುನಡೆಸುತ್ತದೆ, ಅಂದರೆ ಡಿಸ್ಕಿಗೆ ಬರೆಯುತ್ತದೆ. ರೇಡ್ ಇದೆಯಲ್ಲ ಎಂಬ ಧೈರ್ಯವೂ ಬೇಡ: ರೇಡ್ ಕಾಯುವುದು ಡಿಸ್ಕ್ ಕೆಡುವುದರಿಂದ, ತಪ್ಪು ಬರಹವನ್ನು ಅದು ನಿಷ್ಠೆಯಿಂದ ಎರಡು ಕಡೆ ಬರೆದಿಡುತ್ತದೆ.

ಎರಡೂ ಯಂತ್ರಗಳು ಏಕಕಾಲಕ್ಕೆ ಬರೆಯಲೇಬೇಕೆಂದರೆ ಕ್ಲಸ್ಟರ್ ಫೈಲ್ ಸಿಸ್ಟಂ ಬೇಕು. ಲಿನಕ್ಸ್ ಕರ್ನಲಿಗೆ 2006ರಲ್ಲಿ ಸೇರಿದ ಓಸಿಎಫ್‌ಎಸ್2 ಮತ್ತು ಜಿಎಫ್‌ಎಸ್2 ಇಂಥವು. ಇವುಗಳಲ್ಲಿ ಬರೆಯುವ ಮುನ್ನ ಯಂತ್ರಗಳು ನೆಟ್‌ವರ್ಕಿನ ಮೂಲಕ ಲಾಕ್ ಪಡೆಯುತ್ತವೆ. ಆದರೆ ಬಹಳಷ್ಟು ಕಡೆ ಇಷ್ಟೆಲ್ಲ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಫೈಲುಗಳು ಎರಡೂ ಕಡೆ ಸಿಕ್ಕರೆ ಸಾಕು ಎಂದಾದರೆ ಎನ್‌ಎಫ್‌ಎಸ್ ಇದೆ: ಡಿಸ್ಕ್ ಒಂದರ ಕೈಯಲ್ಲಿ, ಇನ್ನೊಂದು ಅದನ್ನು ಕೇಳಿ ಪಡೆಯುತ್ತದೆ.

ತಪ್ಪು ಕಲ್ಪನೆ: ಒಂದು ಯಂತ್ರದ ಹಾರ್ಟ್‌ಬೀಟ್ (ತಾನು ಬದುಕಿದ್ದೇನೆಂದು ಅದು ಇನ್ನೊಂದಕ್ಕೆ ಕಳಿಸುತ್ತಿರುವ ಸಂಕೇತ) ನಿಂತರೆ ಆ ಯಂತ್ರ ಸತ್ತಿದೆ, ಡಿಸ್ಕನ್ನು ಇನ್ನೊಂದು ವಹಿಸಿಕೊಳ್ಳಬಹುದು.

ಸತ್ಯ: ಸತ್ತಿರುವುದು ನಡುವಿನ ನೆಟ್‌ವರ್ಕ್ ಮಾತ್ರ ಇರಬಹುದು. ಆಗ ಇಬ್ಬರೂ ತಾನೇ ಉಳಿದವನೆಂದು ತಿಳಿದು ಡಿಸ್ಕಿಗೆ ಕೈಹಾಕುತ್ತಾರೆ. ಎರಡೇ ಯಂತ್ರಗಳಿರುವಲ್ಲಿ ಬಹುಮತವೆಂಬುದಿಲ್ಲ. ಅದಕ್ಕೇ ಕೋರಂ ಡಿಸ್ಕನ್ನು ಮೂರನೆಯ ಮತವಾಗಿ ಇಡುತ್ತಾರೆ. ಅದರ ಜೊತೆಗೆ ಫೆನ್ಸಿಂಗ್ ಇರಲೇಬೇಕು: ಮೊದಲು ಎದುರಿನ ಯಂತ್ರದ ವಿದ್ಯುತ್ ಕಡಿಯಬೇಕು, ಇಲ್ಲವೇ ಸ್ಕಸಿ ರಿಸರ್ವೇಶನ್ ಮೂಲಕ ಅದರ ಬರಹವನ್ನು ಡಿಸ್ಕೇ ತಿರಸ್ಕರಿಸುವಂತೆ ಮಾಡಬೇಕು. ಫೆನ್ಸಿಂಗ್ ಮುಗಿಯುವ ತನಕ ಜಿಎಫ್‌ಎಸ್2 ಸುಮ್ಮನೆ ಕಾಯುತ್ತದೆ. ಅದನ್ನು ಹ್ಯಾಂಗ್ ಆಗಿದೆಯೆಂದು ತಿಳಿದು ಫೆನ್ಸಿಂಗನ್ನೇ ಆಫ್ ಮಾಡಬೇಡಿ. ನಿಮ್ಮ ದತ್ತಾಂಶ ಉಳಿದಿರುವುದು ಆ ಕಾಯುವಿಕೆಯಿಂದ.