ಅದು ಹೆಂಗಸರ ಕಾಯಿಲೆ ಅಲ್ವಾ?

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಹರಾಜು ಕೂಗುವವನಿಗೆ ಗಂಟಲೇ ಬಂಡವಾಳ. ಚಿತ್ರದುರ್ಗದ ಕಡೆಯ ಲಾರಿ, ನಾಸಿಕ್ ಕಡೆಯ ಲಾರಿ ಸಾಲಾಗಿ ನಿಂತಿರುವಾಗ ಹಮಾಲರ ಗದ್ದಲ ದಾಟಿ ನಮ್ಮ ದನಿ ಆ ತುದಿಗೆ ಮುಟ್ಟಬೇಕು. 46ನೇ ವಯಸ್ಸಿನಲ್ಲಿ ನನ್ನ ದನಿ ಕೈಕೊಟ್ಟಿತು. ಮೊದಲು ಒಡೆಯಿತು, ಆಮೇಲೆ ದಪ್ಪಗಾಯಿತು, ಕಡೆಗೆ ಮಾತೇ ಎಳೆಯತೊಡಗಿತು. ಈರುಳ್ಳಿ ಸಿಪ್ಪೆಯ ಧೂಳು ಅಂದರು ಎಲ್ಲರೂ. ಬೆಳಗ್ಗೆ ಎದ್ದರೆ ಕಣ್ಣಿನ ಕೆಳಗೆ ಊತ. ಉಬ್ಬಿದ ಮುಖ, ಎಳೆಯುವ ಮಾತು, ನಿಧಾನ ನಡಿಗೆ ಒಬ್ಬ ಗಂಡಸಿನಲ್ಲಿ ಸೇರಿದರೆ ಜನ ಏನಂದುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. "ರಾತ್ರಿ ಜಾಸ್ತಿ ಆಯ್ತೇನಣ್ಣ?" ಎಂದು ಲೆಕ್ಕ ಬರೆಯುವ ಹುಡುಗನೇ ಕೇಳಿದ. ನಾನು ಒಂದು ಗುಟುಕೂ ಕುಡಿದವನಲ್ಲ.

ನಾನಿರುವುದು ಯಲಹಂಕದ ಹಳೇ ಊರಿನಲ್ಲಿ. ಗಂಗಮ್ಮ ಸರ್ಕಲ್, ಬಿಇಎಲ್ ಸರ್ಕಲ್ ದಾಟಿ ನಸುಕಿನಲ್ಲಿ ಬೈಕಿನಲ್ಲಿ ಯಾರ್ಡಿಗೆ ಹೋಗುತ್ತೇನೆ. ಡಿಸೆಂಬರ್‌ನಲ್ಲಿ ಆ ರಸ್ತೆಗೆ ಸ್ವೆಟರ್ ಬೇಕೇ ಬೇಕು. ಆ ವರ್ಷ ಏಪ್ರಿಲ್‌ನಲ್ಲೂ ನಾನು ಸ್ವೆಟರ್ ಬಿಚ್ಚಲಿಲ್ಲ. ಮಲಬದ್ಧತೆ, ಬಿಳಿಚಿದ ಒಣ ಚರ್ಮ, ಮಧ್ಯಾಹ್ನವಾದರೆ ಮೂಟೆಗೊರಗಿ ನಿದ್ದೆ. ಗಂಡಸಿನ ಸುಸ್ತಿಗೆ ನಮ್ಮಲ್ಲಿ ಕಾರಣಗಳಿಗೆ ಬರವಿಲ್ಲ: ವಯಸ್ಸು, ಟ್ರಾಫಿಕ್, ಸಾಲ, ಮಗಳ ಮದುವೆ. ಒಂದು ಕ್ಲಿನಿಕ್‌ನಲ್ಲಿ ಕೊಲೆಸ್ಟರಾಲ್ ವಿಪರೀತ ಎಂದು ಅದಕ್ಕೆ ಮಾತ್ರೆ ಬರೆದರು. ಮಾತ್ರೆ ಶುರುವಾದ ಮೇಲೆ ತೊಡೆಯ ಸ್ನಾಯುಗಳು ಹಿಡಿದುಕೊಂಡು, ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತುವುದೇ ಒಂದು ಕೆಲಸವಾಯಿತು.

ಕೊನೆಗೆ ಹೆಬ್ಬಾಳದ ಹಿರಿಯ ವೈದ್ಯರೊಬ್ಬರು ನನ್ನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ಸರಕ್ಕನೆ ಚಾಚಿತು, ವಾಪಸು ಬರಲು ಮಾತ್ರ ಪುರುಸೊತ್ತು ಮಾಡಿಕೊಂಡಿತು. ಅವರು ಬೇರೇನೂ ಕೇಳದೆ ಚೀಟಿಯಲ್ಲಿ ಟಿಎಸ್‌ಎಚ್ ಎಂದು ಬರೆದರು. ಸಾಮಾನ್ಯವಾಗಿ 4.5ರ ಒಳಗಿರಬೇಕಾದ ಸಂಖ್ಯೆ ನನ್ನಲ್ಲಿ 68 ಇತ್ತು: ಥೈರಾಯ್ಡ್ ಕೊರತೆ. ರಿಪೋರ್ಟ್ ನೋಡಿದ ಹೆಂಡತಿಯ ಮೊದಲ ಮಾತು: "ಅದು ಹೆಂಗಸರ ಕಾಯಿಲೆ ಅಲ್ವಾ?"

ಅವಳನ್ನು ದೂರುವಂತಿಲ್ಲ. ವೈದ್ಯಕೀಯದ ಚರಿತ್ರೆಯೇ ಹಾಗೆ ಶುರುವಾಗಿದೆ. ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು 1891ರಲ್ಲಿ ಕುರಿಯ ಥೈರಾಯ್ಡ್ ಗ್ರಂಥಿಯ ರಸ ಚುಚ್ಚಿ ಮೊದಲ ಬಾರಿ ಈ ಕಾಯಿಲೆಗೆ ಚಿಕಿತ್ಸೆ ಕೊಟ್ಟದ್ದು ಒಬ್ಬ ಹೆಂಗಸಿಗೆ. ಆಕೆಗೂ ಆಗ 46. ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಗ್ರಂಥಿಯ ಉರಿಯೂತವನ್ನು ವಿವರಿಸಿದಾಗ ಅವರ ಮುಂದಿದ್ದ ನಾಲ್ವರು ರೋಗಿಗಳೂ ಹೆಂಗಸರೇ. ಇಂದಿಗೂ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಆದರೆ ಕಡಿಮೆ ಇದೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಬೆಂಗಳೂರೂ ಸೇರಿ ದೇಶದ 8 ನಗರಗಳಲ್ಲಿ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಥೈರಾಯ್ಡ್ ಕೊರತೆ ಇದ್ದವರು ಹೆಂಗಸರಲ್ಲಿ ನೂರಕ್ಕೆ ಸುಮಾರು 16, ಗಂಡಸರಲ್ಲಿ 5. ಹಾಗೆ ಸಿಕ್ಕವರಲ್ಲಿ ಮೂರನೇ ಒಂದು ಭಾಗದಷ್ಟು ಜನಕ್ಕೆ ತಮಗಿದು ಇದೆಯೆಂದೇ ಗೊತ್ತಿರಲಿಲ್ಲ. ಯಾರ್ಡಿನ ಒಂದು ಸಾಲಿನಲ್ಲಿ ನೂರು ಗಂಡಸರಿದ್ದರೆ ಐವರು! ನನ್ನ ಪಕ್ಕದ ಮಳಿಗೆಯಲ್ಲಿ ಯಾವಾಗಲೂ ತೂಕಡಿಸುವ ಆಸಾಮಿಯ ಮೇಲೆ ನನಗೀಗ ಅನುಮಾನ.

ಕತ್ತಿನ ಮುಂಭಾಗದ ಈ ಗ್ರಂಥಿ ಥೈರಾಕ್ಸಿನ್ ಎಂಬ ರಸ ಸುರಿಸುತ್ತದೆ. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಕಾವು ಎಲ್ಲಕ್ಕೂ ಅದು ಬೇಕು. ಎಷ್ಟು ಸುರಿಸಬೇಕೆಂದು ಹೇಳುವುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ. ಅದು ಕಳಿಸುವ ಹುಕುಮೇ ಟಿಎಸ್‌ಎಚ್. ಕೆಲಸ ಸಾಗದಿದ್ದಾಗ ಮಂಡಿ ಮಾಲೀಕ ಗಂಟಲು ಏರಿಸುವ ಹಾಗೆ, ಗ್ರಂಥಿ ಸೋತಷ್ಟೂ ಪಿಟ್ಯುಟರಿ ಕೂಗು ಜೋರು ಮಾಡುತ್ತದೆ. ಅದಕ್ಕೇ ಕೊರತೆಯ ಕಾಯಿಲೆಯಲ್ಲಿ ಸಂಖ್ಯೆ ಮೇಲೆ ಹೋಗುವುದು. ಕೊಲೆಸ್ಟರಾಲ್ ಏರಿದ್ದೂ ಇದರಿಂದಲೇ: ಥೈರಾಕ್ಸಿನ್ ಕಡಿಮೆಯಾದರೆ ಪಿತ್ತಜನಕಾಂಗ ರಕ್ತದಿಂದ ಕೆಟ್ಟ ಕೊಬ್ಬನ್ನು ಎತ್ತುವುದು ನಿಧಾನವಾಗುತ್ತದೆ. ಆ ಸ್ಥಿತಿಯಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗಿದರೆ ಸ್ನಾಯು ನೋವಿನ ಸಾಧ್ಯತೆ ಹೆಚ್ಚು. ನನಗೆ ಆದದ್ದು ಅದೇ.

ಮಲೆನಾಡಿನ ನೆಂಟರಿಗೆ ಥೈರಾಯ್ಡ್ ಎಂದರೆ ಗಳಗಂಡ. ಚಿಕ್ಕಮಗಳೂರು, ಕೊಡಗಿನ ಕಡೆ ಅಯೋಡಿನ್ ಕೊರತೆಯಿಂದ ಕತ್ತು ಊದಿದವರನ್ನು ಹಿಂದಿನವರು ಕಂಡಿದ್ದರು. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡ 1956ರಿಂದ ಉಪ್ಪಿಗೆ ಅಯೋಡಿನ್ ಬೆರೆಸಿ ಗುಣ ತೋರಿಸಿತು. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಇವತ್ತು ಬೆಂಗಳೂರಿನಂಥ ಊರಲ್ಲಿ ಹೆಚ್ಚಿನವರದು ಬೇರೆ ಕಥೆ: ಮೈಯ ರೋಗನಿರೋಧಕ ಪಡೆ ತನ್ನ ಗ್ರಂಥಿಯ ಮೇಲೇ ತಿರುಗಿ ಬೀಳುವುದು, ಅಂದರೆ ಹಶಿಮೊಟೊ. ಹಾಗೆಂದು ಅಯೋಡಿನ್ ಉಪ್ಪು ಬಿಟ್ಟು, ಫ್ಯಾಷನ್ನಿಗೆ ಬಂದಿರುವ ಗುಲಾಬಿ ಕಲ್ಲುಪ್ಪಿಗೆ ಮನೆಮಂದಿಯೆಲ್ಲ ಬದಲಾಗಬೇಡಿ. ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ.

ಗಂಡಸರು ವೈದ್ಯರ ಮುಂದೆಯೂ ಬಾಯಿ ಬಿಡದ ಒಂದು ವಿಷಯವಿದೆ. ಥೈರಾಕ್ಸಿನ್ ಇಳಿದರೆ ಹಾಸಿಗೆಯ ಆಸೆಯೂ ಇಳಿಯುತ್ತದೆ, ನಿಮಿರುವಿಕೆಗೆ ತೊಂದರೆಯಾಗುತ್ತದೆ, ಟೆಸ್ಟೊಸ್ಟೆರಾನ್ ಮಟ್ಟವೂ ಕೆಳಗೆ ಬರಬಹುದು. ಥೈರಾಯ್ಡ್ ಸರಿಹೋದರೆ ಬಹುಪಾಲು ಇದೂ ಸರಿಹೋಗುತ್ತದೆ. ಅದು ಗೊತ್ತಿಲ್ಲದೆ ಎಷ್ಟೋ ಜನ ಗೋಡೆ ಮೇಲಿನ 'ಗುಪ್ತ ಸಮಸ್ಯೆ' ಜಾಹೀರಾತಿನ ನಂಬರಿಗೆ ಫೋನ್ ಮಾಡುತ್ತಾರೆ, ಇಲ್ಲವೇ ಜಿಮ್‌ನಲ್ಲಿ ಯಾರೋ ಹೇಳಿದ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾರೆ. ಇನ್ನು ತೂಕ ಇಳಿಸಲೆಂದು, ಕೊರತೆಯೇ ಇಲ್ಲದೆ ಥೈರಾಯ್ಡ್ ಮಾತ್ರೆ ನುಂಗುವ ಜಿಮ್ ಹುಡುಗರಿಗೆ ನೇರವಾಗಿ ಹೇಳಬೇಕು: ಅದರಿಂದ ಹೃದಯದ ಬಡಿತ ತಾಳ ತಪ್ಪುತ್ತದೆ.

ನನಗೀಗ ದಿನಕ್ಕೆ 100 ಮೈಕ್ರೋಗ್ರಾಂ. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಮುಂತಾದ ಹೆಸರಲ್ಲಿ ಬರುವ ಲೀವೊಥೈರಾಕ್ಸಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅಗ್ಗದ ಮಾತ್ರೆ, ತಿನ್ನುವ ಕ್ರಮವೇ ಕಷ್ಟದ್ದು. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ಮುಟ್ಟಬಾರದು. ಫಿಲ್ಟರ್ ಕಾಫಿಯೂ ಕೂಡದು, ಏಕೆಂದರೆ ಕಾಫಿ ಮಾತ್ರೆ ಹೀರಿಕೆಯಾಗುವುದನ್ನು ತಡೆಯುತ್ತದೆ. ಯಾರ್ಡಿಗೆ ಕಾಲಿಟ್ಟ ತಕ್ಷಣ ಕಾಫಿ ಲೋಟ ಕೈಗೆ ಬರುವ ಮನುಷ್ಯನಿಗೆ ಇದು ಹೇಗೆ ಸಾಧ್ಯ? ವೈದ್ಯರೇ ದಾರಿ ಹೇಳಿದರು: ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ತೆಗೆದುಕೊಂಡರೂ ನಡೆಯುತ್ತದೆ. ಸಂಜೆ ಆರೂವರೆಗೇ ಮುದ್ದೆ ಉಂಡು ಮುಗಿಸುವ ನನಗೆ ಇದು ಒಗ್ಗಿತು. ಕ್ಯಾಲ್ಸಿಯಂ, ಕಬ್ಬಿಣ, ಗ್ಯಾಸ್ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬೇಯಿಸಿದ ಎಲೆಕೋಸು, ಹೂಕೋಸಿಗೆ ಅತ್ತೆಯವರು ಹೇರಿದ ನಿಷೇಧವನ್ನು ನಾನು ಪಾಲಿಸುತ್ತಿಲ್ಲ. ಮಿತವಾಗಿ ತಿಂದರೆ ತೊಂದರೆಯಿಲ್ಲ.

ಈ ಔಷಧದ ಅರ್ಧಾಂಶ ರಕ್ತದಿಂದ ಕರಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರ ಕಾದೇ ಮತ್ತೆ ಪರೀಕ್ಷೆ ಮಾಡಬೇಕು. ನನ್ನ ಗಂಟಲು ತಿಳಿಯಾಗಲು ತಿಂಗಳುಗಳೇ ಹಿಡಿದವು.

ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿಯುತ್ತದೆ ಎಂದು ವೈದ್ಯರು ಹೇಳಿದಾಗ ನನಗೆ ನೆನಪಾದದ್ದು ಆರ್.ಟಿ. ನಗರದ ಅಕ್ಕನ ಮಗ. ಎಂಟನೇ ಕ್ಲಾಸಿಗೆ ಹೊಲಿಸಿದ ಯೂನಿಫಾರಂ ಪ್ಯಾಂಟು ಹತ್ತನೇ ಕ್ಲಾಸಿನಲ್ಲೂ ಉದ್ದ ಸರಿಯಾಗಿಯೇ ಇತ್ತು. ಸೊಂಟ ಮಾತ್ರ ಬಿಗಿ. ದುಡ್ಡು ಉಳಿಯಿತೆಂದು ಅಕ್ಕ ಖುಷಿಯಾಗಿದ್ದಳು. ಸುಲ್ತಾನ್‌ಪಾಳ್ಯದ ಟೈಲರ್ ಮಾತ್ರ, "ಅಮ್ಮಾ, ಈ ವಯಸ್ಸಿಗೆ ಹುಡುಗರು ಬಿದಿರಿನ ಹಾಗೆ ಏಳ್ತಾರೆ" ಅಂದಿದ್ದರಂತೆ. ಅವರ ಮಾತು ಸರಿ. ಪ್ರಾಯಕ್ಕೆ ಬರುವ ಹುಡುಗ ಉಕ್ಕುವ ವರ್ಷದಲ್ಲಿ 9-10 ಸೆಂಟಿಮೀಟರ್ ಬೆಳೆಯುತ್ತಾನೆ. ಇವನು 2 ಕೂಡ ಬೆಳೆದಿರಲಿಲ್ಲ. ಗಡ್ಡ ಮೀಸೆಯ ಸುಳಿವಿಲ್ಲ, ದನಿ ಒಡೆದಿಲ್ಲ. ಶಾಲೆಯಲ್ಲಿ 'ತುಂಬಾ ಸಾಧು ಹುಡುಗ' ಎಂಬ ಬಿರುದು ಬೇರೆ. ಎಡಗೈಯ ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸು ಹುಡುಗನ ವಯಸ್ಸಿಗಿಂತ ಹಿಂದಿತ್ತು. ಅವನಿಗೂ ಥೈರಾಯ್ಡ್ ಕೊರತೆಯೆಂದು ಗೊತ್ತಾಗಿ ಮಾತ್ರೆ ಶುರುವಾದ ಮೇಲೆ ಪ್ಯಾಂಟು ಗಿಡ್ಡವಾಯಿತು, ಹುಡುಗ ಎದುರುತ್ತರವನ್ನೂ ಕಲಿತ. ಹಿಂದಿನವನೇ ವಾಸಿ ಎಂದು ಅಕ್ಕ ಗೊಣಗುತ್ತಾಳೆ. ತಡವಾಗಿ ಗೊತ್ತಾದ ಮಕ್ಕಳಲ್ಲಿ ಕಳೆದುಕೊಂಡ ಎತ್ತರ ಪೂರ್ತಿ ವಾಪಸು ಬರದಿರುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ ಬೇಕು. ದಪ್ಪಗಿದ್ದು ಎತ್ತರವೂ ಚೆನ್ನಾಗಿ ಬೆಳೆಯುತ್ತಿರುವ ಹುಡುಗನ ಟಿಎಸ್‌ಎಚ್ 6 ಬಂತೆಂದು ಹೆದರಬೇಡಿ. ಬೊಜ್ಜಿನಿಂದಲೇ ಆ ಸಂಖ್ಯೆ ಸ್ವಲ್ಪ ಏರುತ್ತದೆ, ತೂಕ ಇಳಿದರೆ ಅದೂ ಇಳಿಯುತ್ತದೆ. ಕೂದಲಿಗೆಂದು ಬಯೋಟಿನ್ ನುಂಗುವ ಹುಡುಗರಾದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಬೇಕು; ಇಲ್ಲದಿದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸಿ, ಇರುವ ಕಾಯಿಲೆ ಮುಚ್ಚಿಹೋಗಬಹುದು. ವಯಸ್ಸಾದವರಲ್ಲಿ ಸಂಖ್ಯೆ 10ರ ಒಳಗಿದ್ದು ಥೈರಾಕ್ಸಿನ್ ಸರಿಯಿದ್ದರೆ ಸಾಮಾನ್ಯವಾಗಿ ಮಾತ್ರೆಯೇ ಬೇಕಾಗುವುದಿಲ್ಲ. ಇಂಥವರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮಾತ್ರೆಯಿಂದ ಸುಸ್ತು ಕಡಿಮೆಯಾದದ್ದು ಕಾಣಲಿಲ್ಲ.

ಮನೆಯ ಹುಡುಗರ ಎತ್ತರವನ್ನು ಆರು ತಿಂಗಳಿಗೊಮ್ಮೆ ಗೋಡೆಯ ಮೇಲೆ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. 14 ತುಂಬಿದರೂ ಪ್ರಾಯದ ಲಕ್ಷಣವಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ನೀವು ಗಂಡಸರಾದರೆ, ಕೊಲೆಸ್ಟರಾಲ್ ಮಾತ್ರೆ ಶುರುಮಾಡುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ: "ಥೈರಾಯ್ಡ್ ಕೂಡ ನೋಡೋಣವೇ?"